ನೋಮಿನ ಹಬ್ಬಕ್ಕೆ ಹಣ್ಣು, ಚೀಸ್ ಹಾಕಿದ ಸಲಾಡ್: ನಮ್ಮೂರಿನಲ್ಲಿ ಸಿಗುವುದರಲ್ಲೇ ಮಾಡಬಹುದೇ?

ಬೆಟ್ಟದ ಕೆಳಗಿನ ಮನೆ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ನಮ್ಮ ಮನೆಯಲ್ಲಿ ಕೇದಾರೇಶ್ವರನ ನೋಮು. ಈ ಸಲ ನಾದಿನಿಯ ಮಗಳು ಕೆನಡಾದಿಂದ ಬರುತ್ತಿದ್ದಾಳೆ. ಅಲ್ಲಿ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ನಮ್ಮ ಸುಗ್ಗಿಯಂಥ ಹಬ್ಬವೊಂದು ಇದೆಯಂತೆ. ಅದಕ್ಕೆ ಮಾಡಿದ ಸಲಾಡ್‌ನ ಚಿತ್ರ ಕಳುಹಿಸಿ, "ಅತ್ತೆ, ಇದನ್ನು ನೋಮಿನ ಊಟಕ್ಕೂ ಮಾಡೋಣ" ಎಂದಿದ್ದಾಳೆ. ಸೇಬು, ಪಿಯರ್, ಒಣಗಿಸಿದ ಕ್ರಾನ್‌ಬೆರಿ, ಅಕ್ರೋಟು, ಅದರ ಮೇಲೆ ಪುಡಿ ಮಾಡಿ ಉದುರಿಸಿದ ಮೇಕೆ ಹಾಲಿನ ಚೀಸ್. ವಿನೆಗರ್, ಸಾಸಿವೆ, ಜೇನುತುಪ್ಪ, ಆಲಿವ್ ಎಣ್ಣೆ ಕಲಕಿದ ಹುಳಿ ರಸವನ್ನು ಕೊನೆಗೆ ಸುರಿಯುತ್ತಾರೆ.

ನನಗೂ ಆಸೆಯಾಗಿದೆ. ಕಜ್ಜಾಯ, ವಡೆ, ಪಾಯಸಗಳ ನಡುವೆ ಹುಳಿಯಾದ, ತಣ್ಣಗಿರುವ ಒಂದು ಪದಾರ್ಥ ಇದ್ದರೆ ಯಾರಿಗೆ ಬೇಡ? ಆದರೆ ಬಿ.ಬಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುವುದು ಬ್ರೆಡ್ಡಿನ ಮೇಲಿಡುವ ಚೀಸ್ ಹಾಳೆ, ಪುಟ್ಟ ಡಬ್ಬಿಯ ಚೀಸ್ ತುಂಡು, ಪಿಜ್ಜಾಕ್ಕೆ ತುರಿಯುವ ಚೀಸ್, ಅಷ್ಟೇ. ಮೇಕೆ ಹಾಲಿನ ಚೀಸ್ ಎಂದಾಗ ಅಂಗಡಿಯವರು ನನ್ನ ಮುಖವನ್ನೇ ನೋಡಿದರು.

ಇನ್ನೂ ಕೆಲವು ಕಟ್ಟುಪಾಡುಗಳಿವೆ. ನೋಮಿನ ದಿನ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ನಮ್ಮ ಅತ್ತೆಯವರು ವಿನೆಗರ್ ಹಾಕಿದ್ದನ್ನು ಮುಟ್ಟುವುದಿಲ್ಲ. ಅದು ಹೆಂಡದ ಜಾತಿಯದು ಎಂಬುದು ಅವರ ವಾದ. ಚೀಸ್ ಗಟ್ಟಿಯಾಗಲು ಕರುವಿನ ಹೊಟ್ಟೆಯದೇನನ್ನೋ ಹಾಕುತ್ತಾರೆ ಎಂದು ಬೇರೆ ಯಾರೋ ಅವರ ಕಿವಿಗೆ ಹಾಕಿದ್ದಾರೆ. ಇಪ್ಪತ್ತು ಜನ ಉಣ್ಣುವವರು. ಪೂಜೆ ಮುಗಿದು, ನೋಮಿನ ದಾರ ಕಟ್ಟಿಸಿಕೊಂಡು ಎಲೆ ಹಾಕುವ ಹೊತ್ತಿಗೆ ಎರಡು ಗಂಟೆ ತಡವಾದರೂ ಆಶ್ಚರ್ಯವಿಲ್ಲ. ಅಷ್ಟು ಹೊತ್ತು ಸೇಬು ಕಂದದಂತೆ, ಎಲ್ಲವೂ ನೀರು ಬಿಡದಂತೆ ಇಡುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.


ಮಗ್ಗದ ಬೀದಿ, ಶಿಡ್ಲಘಟ್ಟ

ಅಕ್ಕಾ, ಹೆಸರುಬೇಳೆ ನೆನೆಸಿ, ಸೌತೆಕಾಯಿ ಕೊಚ್ಚಿ, ಕಾಯಿ ತುರಿದು ಹಾಕಿ, ನಿಂಬೆ ಹಿಂಡಿ, ಇಂಗು ಸಾಸಿವೆ ಒಗ್ಗರಣೆ ಕೊಡಿ. ಬೇಕಿದ್ದರೆ ಅದರ ಮೇಲೆ ದಾಳಿಂಬೆ ಉದುರಿಸಿ ಕೆನಡಾದವರಿಗೆ ಕೊಡಿ. ನಮ್ಮ ಕೋಸಂಬರಿ ಇರುವಾಗ ಇಷ್ಟೆಲ್ಲ ತಾಪತ್ರಯ ಏಕೆ?


ಅಂತರಸನಹಳ್ಳಿ ಸಂತೆ, ತುಮಕೂರು

ತಾಪತ್ರಯವೇನೂ ಇಲ್ಲ. ಅಂಗಡಿಯ ಚೀಸ್ ತುಂಡುಗಳನ್ನೇ ಸಣ್ಣಗೆ ಕತ್ತರಿಸಿ. ಮೊಟ್ಟೆ ಇಲ್ಲದ ಮಯೋನೀಸ್ ಈಗ ಎಲ್ಲೆಡೆ ಸಿಗುತ್ತದೆ. ಅದಕ್ಕೆ ಸ್ವಲ್ಪ ನಿಂಬೆ ರಸ ಹಿಂಡಿ ಹಣ್ಣುಗಳ ಜೊತೆ ಕಲಸಿಬಿಡಿ. ಅನಾನಸ್ ಹಾಕಿದರೆ ಮಕ್ಕಳು ಬಿಡುವುದೇ ಇಲ್ಲ. ನಾವು ಹುಟ್ಟುಹಬ್ಬಗಳಿಗೆ ಹಾಗೆಯೇ ಮಾಡುತ್ತೇವೆ.


ಹಾಲಿನ ಲೆಕ್ಕ, ಕೋಲಾರ

ಬೆಟ್ಟದ ಕೆಳಗಿನ ಅಮ್ಮನವರೇ, ತುಮಕೂರಿನವರ ಮಾತು ಕೇಳಬೇಡಿ. ಅವರು ಹೇಳಿದ್ದು ಹುಟ್ಟುಹಬ್ಬಕ್ಕೆ ಸರಿ, ಕೇಕಿನ ಪಕ್ಕದಲ್ಲಿ ಏನಿಟ್ಟರೂ ನಡೆಯುತ್ತದೆ. ನೋಮಿನ ಎಲೆಗೆ ಅದು ಬೇಡ.

ನಾನು ಡೈರಿಯ ಪ್ರಯೋಗಾಲಯದಲ್ಲಿ ಹಾಲಿನ ಜಿಡ್ಡು, ಹುಳಿ ಅಳೆಯುತ್ತ ನಿವೃತ್ತನಾದವನು. ಮನೆಯಲ್ಲಿ ಈಗ ಅಡುಗೆ ನನ್ನದೇ. ಹಣ್ಣಿನ ಸಲಾಡ್‌ಗೆ ಪನೀರ್ ಹಾಕಿ, "ಏನೋ ಸಪ್ಪೆ" ಎನ್ನುತ್ತ ಮೇಲೆ ಚಾಟ್ ಮಸಾಲೆ ಸುರಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಸಪ್ಪೆಯಾಗಲು ಕಾರಣ ಹಣ್ಣೂ ಅಲ್ಲ, ರಸವೂ ಅಲ್ಲ. ಪನೀರಿನ ಒಳಗೆ ಉಪ್ಪಿಲ್ಲ, ಹುಳಿಯೂ ಇಲ್ಲ. ಆ ಚಿತ್ರದ ಸಲಾಡ್ ನಿಂತಿರುವುದೇ ಉಪ್ಪುಪ್ಪಾದ, ಹುಳಿಹುಳಿಯಾದ ಚೀಸ್ ಮೇಲೆ. ಸಿಹಿ ಸೇಬನ್ನು ಕಚ್ಚಿದ ಬಾಯಿಗೆ ಮುಂದಿನ ತುತ್ತಿನಲ್ಲಿ ಆ ಉಪ್ಪು ಸಿಗಬೇಕು. ಅದೊಂದನ್ನು ಸರಿಮಾಡಿಕೊಂಡರೆ ಉಳಿದದ್ದೆಲ್ಲ ನಿಮ್ಮೂರಿನ ಸಂತೆಯಲ್ಲಿಯೇ ಇದೆ.

ಮೊದಲು ನಿಮ್ಮ ಅತ್ತೆಯವರ ಪ್ರಶ್ನೆ. ಅವರು ಕೇಳಿದ್ದು ಸುಳ್ಳಲ್ಲ. ಹಳೆಯ ಪದ್ಧತಿಯ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ರೆನೆಟ್ ಎಂಬ ಕಿಣ್ವ ಹಾಕುತ್ತಾರೆ, ಅದನ್ನು ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಇದೆ. ನಮ್ಮ ದೇಶದಲ್ಲಿ ಹಸಿರು ಗುರುತು ಇರುವ ಪೊಟ್ಟಣದ ಚೀಸ್‌ನಲ್ಲಿ ಪ್ರಾಣಿಯ ರೆನೆಟ್ ಇರುವಂತಿಲ್ಲ. ಇಷ್ಟು ಹೇಳಿದರೂ ಅವರ ಮನಸ್ಸು ಒಪ್ಪದಿದ್ದರೆ ಚಿಂತೆಯಿಲ್ಲ, ಪನೀರಿಗೆ ರೆನೆಟ್ ಬೇಕೇ ಇಲ್ಲ. ಅದು ಬರೀ ಹುಳಿಯಿಂದ ಒಡೆದ ಹಾಲು, ಅವರ ಕಣ್ಣೆದುರೇ ಒಡೆಯಿಸಿ ತೋರಿಸಿ.

ಆದರೆ ಪನೀರಿನ ಕೊರತೆ ಹುಟ್ಟುವುದೂ ಅಲ್ಲಿಯೇ. ಮೇಕೆ ಹಾಲಿನ ಚೀಸ್ ಆಗಲಿ, ಗ್ರೀಸ್ ದೇಶದ ಫೆಟಾ ಆಗಲಿ, ಹೆಪ್ಪು ಹಾಕಿ ಗಂಟೆಗಟ್ಟಲೆ ಹುಳಿ ಬರಿಸಿ ಮಾಡಿದ್ದು. ಫೆಟಾವನ್ನಂತೂ ಆಮೇಲೆ ಉಪ್ಪು ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. (ಐರೋಪ್ಯ ಒಕ್ಕೂಟದಲ್ಲಿ 2002ರಿಂದ ಆ ಹೆಸರನ್ನು ಗ್ರೀಸ್‌ನವರು ಮಾತ್ರ ಬಳಸಬೇಕು. ಕುರಿ ಹಾಲು ಇರಲೇಬೇಕು, ಮೇಕೆ ಹಾಲು ನೂರಕ್ಕೆ 30 ಪಾಲು ಮೀರುವಂತಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಹಸುವಿನ ಹಾಲಿನದನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ರುಚಿ ಕೆಟ್ಟದ್ದೇನಲ್ಲ.) ನಮ್ಮ ಪನೀರ್ ಐದು ನಿಮಿಷದಲ್ಲಿ ಒಡೆದದ್ದು. ಹಾಕಿದ ನಿಂಬೆಯ ಹುಳಿಯೆಲ್ಲ ಒಡಕು ನೀರಿನ ಜೊತೆ ಹೋಗಿಬಿಡುತ್ತದೆ. ಉಪ್ಪನ್ನಂತೂ ಯಾರೂ ಹಾಕಿರುವುದೇ ಇಲ್ಲ.

ಹಾಗಾಗಿ ಹೀಗೆ ಮಾಡಿ. ಹಬ್ಬಕ್ಕೆ ಎರಡು ದಿನ ಮೊದಲು ನಾಲ್ಕು ಲೀಟರ್ ಹಸುವಿನ ಹಾಲು ತನ್ನಿ. ಎಮ್ಮೆ ಹಾಲಿನಲ್ಲಿ ಪನೀರ್ ಹೆಚ್ಚು ಸಿಗುತ್ತದೆ, ಆದರೆ ಗಟ್ಟಿಯಾಗುತ್ತದೆ. ಉದುರಿಸುವುದಕ್ಕೆ ಹಸುವಿನದೇ ಲೇಸು. ಕೆನೆ ತೆಗೆದ ಹಾಲು ಬೇಡ. ಚೆನ್ನಾಗಿ ಕುದಿ ಬಂದ ಮೇಲೆ ಇಳಿಸಿ, ಆಗಾಗ ಕಲಕುತ್ತ ಸ್ವಲ್ಪ ಆರಲು ಬಿಡಿ. ಕುದಿಯುವಾಗಲೇ ನಿಂಬೆ ಹಿಂಡಿದರೆ ಪನೀರ್ ರಬ್ಬರಿನಂತಾಗುತ್ತದೆ. 70ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಹಿಂಡಿದರೆ ಮೆತ್ತಗಿರುತ್ತದೆ. ನಿಂಬೆ ರಸಕ್ಕೆ ಅಷ್ಟೇ ನೀರು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ತಿಳಿ ಹಸಿರು ಹಳದಿ ನೀರು ಬಿಟ್ಟ ಕೂಡಲೇ ನಿಲ್ಲಿಸಿ. ಬಟ್ಟೆಯಲ್ಲಿ ಸೋಸಿ, ಕಟ್ಟಿ, ಮೇಲೆ ಕಲ್ಲೋ ನೀರು ತುಂಬಿದ ಪಾತ್ರೆಯೋ ಹೇರಿ ಒಂದು ಗಂಟೆ ಬಿಡಿ. ಆರುನೂರು ಗ್ರಾಂಗೆ ಮೋಸವಿಲ್ಲ, ಇಪ್ಪತ್ತು ಜನಕ್ಕೆ ಅಷ್ಟು ಸಾಕು.

ಒಡಕು ನೀರನ್ನು ಚೆಲ್ಲಬೇಡಿ. ಅದರಲ್ಲಿ ಒಂದು ಲೀಟರ್ ತೆಗೆದು, ಉಗುರು ಬೆಚ್ಚಗಾದಾಗ ಒಂದು ಚಮಚ ಮೊಸರು ಕದಡಿ ಮುಚ್ಚಿಡಿ. ರಾತ್ರಿ ಕಳೆಯುವಷ್ಟರಲ್ಲಿ ಅದು ಹುಳಿ ಬಂದಿರುತ್ತದೆ. ಬೆಳಿಗ್ಗೆ ಅದಕ್ಕೆ 70 ಗ್ರಾಂ ಉಪ್ಪು, ಅಂದರೆ ನಾಲ್ಕು ಊಟದ ಚಮಚ, ಕರಗಿಸಿ. ಹಿಂದಿನ ದಿನ ಫ್ರಿಜ್‌ನಲ್ಲಿಟ್ಟ ಪನೀರನ್ನು ಹೆಬ್ಬೆರಳಿನ ದಪ್ಪ ಕತ್ತರಿಸಿ ಆ ನೀರಿನಲ್ಲಿ ಮುಳುಗಿಸಿ, ಮತ್ತೆ ಫ್ರಿಜ್‌ಗೆ. ಮರುದಿನ ಒಂದು ಚೂರು ಬಾಯಿಗೆ ಹಾಕಿ ನೋಡಿ. ಬರೀ ನೀರಿಗೆ ಉಪ್ಪು ಹಾಕಿಯೂ ಮಾಡಬಹುದು, ಆದರೆ ಅದರಲ್ಲಿ ಹುಳಿಯೂ ಇಲ್ಲ, ಸುಣ್ಣದ ಅಂಶವೂ ಇಲ್ಲ. ತುಂಡುಗಳ ಮೇಲ್ಮೈ ಲೋಳೆಯಾಗುತ್ತದೆ. ಉಪ್ಪು ಜಾಸ್ತಿ ಎನ್ನಿಸಿದರೆ ತಣ್ಣೀರಿನಲ್ಲಿ ಹತ್ತು ನಿಮಿಷ ಹಾಕಿ ತೆಗೆಯಿರಿ.

ಅಂಗಡಿಯ ಪನೀರೇ ಗತಿ ಎಂದಾದರೆ ಒಂದು ಚೂರನ್ನು ನೀರಿನಲ್ಲಿ ಕುದಿಸಿ, ಆರಿಸಿ, ಒಂದೆರಡು ಹನಿ ಟಿಂಚರ್ ಅಯೋಡಿನ್ ಬಿಡಿ. ನೀಲಿಯಾದರೆ ಅದರಲ್ಲಿ ಹಿಟ್ಟು ಬೆರೆಸಿದ್ದಾರೆ. ಅದನ್ನು ತಂದಲ್ಲಿಗೇ ವಾಪಸು ಕೊಡಿ.

ತುಮಕೂರಿನವರು ಹೇಳಿದ ಚೀಸ್ ತುಂಡು ಏಕೆ ಬೇಡ ಎಂದರೆ, ಅದು ಚೀಸನ್ನು ಲವಣಗಳ ಜೊತೆ ಕರಗಿಸಿ ಮತ್ತೆ ಅಚ್ಚು ಹಾಕಿದ್ದು. ಉದುರುವುದಿಲ್ಲ, ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅನಾನಸ್ ಅಂತೂ ಪನೀರಿನ ಹತ್ತಿರ ಬರಲೇಕೂಡದು. ಹಸಿ ಅನಾನಸ್‌ನಲ್ಲಿಯೂ ಪರಂಗಿ ಹಣ್ಣಿನಲ್ಲಿಯೂ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಒಂದು ಗಂಟೆ ಜೊತೆಗಿದ್ದರೆ ಪನೀರಿನ ಅಂಚು ಕರಗಿ ಕಹಿಯಾಗುತ್ತದೆ. ನಿಮ್ಮದು ಎರಡು ಗಂಟೆ ಕಾಯುವ ಊಟ.

ಇನ್ನು ಹಣ್ಣು. ಕ್ರಾನ್‌ಬೆರಿ ಉತ್ತರ ಅಮೆರಿಕದ ಜೌಗು ನೆಲದ್ದು. ಅವರಿಗೆ ಅದು ಊರಿನ ಹಣ್ಣು, ಹಾಕುತ್ತಾರೆ. ನಿಮ್ಮ ಊರಿನದು ಯಾವುದು? ಬೆಂಗಳೂರು ನೀಲಿ ದ್ರಾಕ್ಷಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. 2007ರಲ್ಲಿ ಜಿಲ್ಲೆ ಎರಡಾದರೂ ನಿಮ್ಮ ಕಡೆಯೂ ನಮ್ಮ ಕಡೆಯೂ ಅದೇ ಚಪ್ಪರ, ಅದೇ ಬಳ್ಳಿ. ಜನ ಅದನ್ನು ರಸ ತೆಗೆಯುವುದಕ್ಕೆ ಮಾತ್ರ ಲಾಯಕ್ಕು ಎಂದು ಕಡೆಗಣಿಸಿ, ಬೀಜವಿಲ್ಲದ ಹಸಿರು ದ್ರಾಕ್ಷಿಗೆ ದುಪ್ಪಟ್ಟು ದುಡ್ಡು ಕೊಡುತ್ತಾರೆ. ಆ ಹಸಿರು ದ್ರಾಕ್ಷಿಯಲ್ಲಿ ಸಿಹಿ ನೀರಲ್ಲದೆ ಇನ್ನೇನಿದೆ? ನೀಲಿಯದಕ್ಕೆ ಘಮವಿದೆ, ದಪ್ಪ ಸಿಪ್ಪೆಯ ಒಗರಿದೆ, ಬಾಯಲ್ಲಿ ನೀರೂರಿಸುವ ಹುಳಿಯಿದೆ. ಸಲಾಡ್‌ಗೆ ಇಡೀ ಹಣ್ಣು ಹಾಕಬೇಡಿ, ಬೀಜ ತೆಗೆಯುತ್ತ ಕುಳಿತರೆ ನೋಮು ಮುಗಿದುಹೋಗುತ್ತದೆ. ಅದನ್ನು ರಸಕ್ಕೆ ಬಳಸಿ, ಹೇಗೆಂದು ಹೇಳುತ್ತೇನೆ.

ಎಲೆಯ ಮೇಲಿನ ಹಣ್ಣಿಗೆ ದೇವನಹಳ್ಳಿ ಚಕ್ಕೋತ ತರಿಸಿ. ಅದಕ್ಕೂ ಭೌಗೋಳಿಕ ಗುರುತು ಇದೆ. ನಿಮ್ಮಿಂದ ಬೆಂಗಳೂರಿನ ಕಡೆಗೆ ಹೊರಟರೆ ದಾರಿಯಲ್ಲೇ ದೇವನಹಳ್ಳಿ. ಬಿಳಿಯ ಪೊರೆಯನ್ನು ಪೂರ್ತಿ ಬಿಡಿಸಬೇಕು, ಕಹಿ ಇರುವುದು ಅದರಲ್ಲಿಯೇ. ತೊಳೆಗಳನ್ನು ಕೈಯಿಂದಲೇ ಬಿಡಿಸಿ, ಚಾಕು ತಗುಲಿಸಿದರೆ ರಸ ಸೋರುತ್ತದೆ. ಜೊತೆಗೆ ದಾಳಿಂಬೆ ಕಾಳು. ಸೇಬು ಬೇಕೇಬೇಕು, ಮಗುವಿಗೆ ಆ ಚಿತ್ರದ ನೆನಪಾಗಬೇಕಲ್ಲ. ಆ ಹೊತ್ತಿಗೆ ಹಿಮಾಚಲ, ಕಾಶ್ಮೀರಗಳ ಹೊಸ ಫಸಲು ಬಂದಿರುತ್ತದೆ. ಬಣ್ಣ ನೋಡಿ ಮರುಳಾಗದೆ ಗಟ್ಟಿ ಇರುವುದನ್ನು ಆರಿಸಿ, ಹಿಟ್ಟುಹಿಟ್ಟಾದ ಸೇಬು ಕೆಲಸಕ್ಕೆ ಬಾರದು. ಪಿಯರ್ ಬದಲು ದೋರೆಗಾಯಿ ಸೀಬೆ ಹಾಕಿ, ಬೀಜದ ಭಾಗ ತೆಗೆದು. ಸೀತಾಫಲದ ಕಾಲ ಎಂದು ಯಾರಾದರೂ ಅದನ್ನೂ ಹಾಕಿ ಎಂದಾರು. ಅದು ಒಬ್ಬರೇ ಕುಳಿತು ತಿನ್ನುವ ಹಣ್ಣು, ಕಲಸಿದರೆ ಗೊಜ್ಜಾಗುತ್ತದೆ.

ಅಕ್ರೋಟು ಸಿಕ್ಕರೆ ಸಂತೋಷ. ಸಿಗದಿದ್ದರೆ ಚಿಂತಾಮಣಿ, ಬಾಗೇಪಲ್ಲಿ ಕಡೆಯ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಊದಿ, ಬೆಲ್ಲದ ಪಾಕದಲ್ಲಿ ಚಿಕ್ಕಿ ಮಾಡಿ. ಪಾಕಕ್ಕೆ ಚಿಟಿಕೆ ಉಪ್ಪು, ಸ್ವಲ್ಪ ಮೆಣಸಿನ ಪುಡಿ. ಕರಿಮೆಣಸು, ಕೆಂಪು ಮೆಣಸಿನಕಾಯಿ ಅಲ್ಲ. ಅದನ್ನು ಕುಟ್ಟಿ ತರಿಯಾಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಬೆಲ್ಲ ತೇವ ಎಳೆಯುತ್ತದೆ, ಬಡಿಸುವ ಕ್ಷಣಕ್ಕೆ ಮೊದಲು ಹೊರಗೆ ತೆಗೆಯಬೇಡಿ.

ಈಗ ಹುಳಿ ರಸ. ಇಟಲಿಯ ಮೋಡೆನಾ ಊರಿನಲ್ಲಿ ದ್ರಾಕ್ಷಿ ರಸವನ್ನು ಕುದಿಸಿ ಬತ್ತಿಸಿ, ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಇಟ್ಟು ಸಾಂಪ್ರದಾಯಿಕ ಬಾಲ್ಸಮಿಕ್ ಎಂಬ ವಿನೆಗರ್ ಮಾಡುತ್ತಾರೆ. ನಮಗೆ ಹನ್ನೆರಡು ವರ್ಷವೂ ಇಲ್ಲ, ಅತ್ತೆಯವರ ಅಪ್ಪಣೆಯೂ ಇಲ್ಲ. ಆದರೆ ಕುದಿಸಿ ಬತ್ತಿಸುವುದಕ್ಕೆ ಯಾರ ತಕರಾರೂ ಇರಲಾರದು. ಒಂದು ಕಿಲೋ ನೀಲಿ ದ್ರಾಕ್ಷಿಯನ್ನು ಸ್ಟೀಲ್ ಪಾತ್ರೆಯಲ್ಲಿ, ತಳ ಹಿಡಿಯದಷ್ಟು ನೀರು ಹಾಕಿ, ಸಿಪ್ಪೆ ಬಿರಿಯುವ ತನಕ ಬೇಯಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಬೀಜ ಒಡೆಯದಂತೆ ಕಿವುಚಿ ಸೋಸಿ. ಆ ರಸ ಮೂರನೆಯ ಒಂದು ಪಾಲಿಗೆ ಇಳಿದು, ಚಮಚದ ಬೆನ್ನಿಗೆ ಅಂಟುವ ತನಕ ಬತ್ತಿಸಿ. ಅಷ್ಟರಲ್ಲಿ ನಿಂಬೆ ಗಾತ್ರದ ಹುಣಸೆಹಣ್ಣನ್ನು ನೆನೆಸಿ ಗಟ್ಟಿಯಾಗಿ ಕಿವುಚಿದ್ದು ಸಿದ್ಧವಿರಲಿ. ಅದನ್ನೂ ಸೇರಿಸಿ ಒಂದು ಕುದಿ ಬರಿಸಿ ಇಳಿಸಿ. ದ್ರಾಕ್ಷಿಯಲ್ಲಿಯೂ ಹುಣಸೆಯಲ್ಲಿಯೂ ಇರುವುದು ಮುಖ್ಯವಾಗಿ ಒಂದೇ ಹುಳಿ, ಟಾರ್ಟಾರಿಕ್ ಆಮ್ಲ. ಹಾಗಾಗಿ ಎರಡೂ ಜಗಳವಿಲ್ಲದೆ ಕೂಡಿಕೊಳ್ಳುತ್ತವೆ. ನಿಂಬೆಯ ಹುಳಿ ಬೇರೆ, ಅದು ಮೂಗಿಗೆ ಮೊದಲು ಬಡಿಯುತ್ತದೆ. ಕೊನೆಯಲ್ಲಿ ನಾಲ್ಕು ಹನಿ ಸಾಕು.

ಸಾಸಿವೆ ವಿಷಯದಲ್ಲಿ ಅವಸರ ಬೇಡ. ಎರಡು ಚಹಾ ಚಮಚ ಸಾಸಿವೆಯನ್ನು ಪುಡಿ ಮಾಡಿ ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ಸಾಸಿವೆಯ ಘಾಟು ಹುಟ್ಟುವುದು ನೀರು ತಾಗಿದ ಮೇಲೆ. ಬಿಸಿ ನೀರೋ ಹುಳಿಯೋ ಮೊದಲೇ ಬಿದ್ದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಘಾಟು ಬಂದ ಮೇಲೆ ಆರಿದ ದ್ರಾಕ್ಷಿ ಹುಣಸೆ ರಸ, ಉಪ್ಪು, ಒಂದು ಚಮಚ ಶುಂಠಿ ರಸ ಸೇರಿಸಿ. ನಂತರ ಗಾಣದ ಕಡಲೆಕಾಯಿ ಎಣ್ಣೆಯನ್ನು ದಾರದಂತೆ ಬಿಡುತ್ತ ಕಡೆಯಿರಿ. ಸಾಸಿವೆ ಸಿಪ್ಪೆಯ ಅಂಟು ಎಣ್ಣೆಯನ್ನೂ ಹುಳಿಯನ್ನೂ ಬೇರೆಯಾಗಲು ಬಿಡುವುದಿಲ್ಲ. ಪಾಶ್ಚಾತ್ಯರ ಲೆಕ್ಕ ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ. ಸಾರು, ಗೊಜ್ಜು ಉಂಡು ಬೆಳೆದ ನಾಲಿಗೆಗೆ ಅದು ಜಿಡ್ಡು ಜಿಡ್ಡು. ಎರಡಕ್ಕೆ ಒಂದು ಇರಲಿ. ದ್ರಾಕ್ಷಿ ಸಿಹಿ ಸಾಲದಿದ್ದರೆ ಮಾತ್ರ ಬೆಲ್ಲ.

ಎರಡು ಗಂಟೆಯ ಕಾಯುವಿಕೆಗೆ ಹೆಚ್ಚೇನೂ ಬೇಡ. ಹೆಚ್ಚಿದ ಸೇಬನ್ನೂ ಸೀಬೆಯನ್ನೂ ಒಂದು ಲೀಟರ್ ನೀರಿಗೆ ಅರ್ಧ ಚಹಾ ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ ಹಾಕಿ ಹತ್ತು ನಿಮಿಷ ಮುಳುಗಿಸಿ, ಬಸಿದು, ಬಟ್ಟೆಯಲ್ಲಿ ಒರೆಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಸೊಪ್ಪಿಗೆ ಲೆಟ್ಯೂಸ್, ಇಲ್ಲವೇ ಎಳೆ ಪಾಲಕ್. ತೊಳೆದ ಮೇಲೆ ಒಂದು ತೊಟ್ಟು ನೀರೂ ಉಳಿಯಬಾರದು, ಒದ್ದೆ ಎಲೆಗೆ ಎಣ್ಣೆ ಹಿಡಿಯುವುದಿಲ್ಲ. ಪನೀರ್ ಅದರ ನೀರಿನಲ್ಲೇ ಇರಲಿ, ರಸ ಬಾಟಲಿಯಲ್ಲಿ, ಚಿಕ್ಕಿ ಡಬ್ಬಿಯಲ್ಲಿ. ಮಂಗಳಾರತಿಯ ಗಂಟೆ ಕೇಳಿದ ಮೇಲೆ ಒಬ್ಬರು ಎದ್ದು ಹೋಗಿ ಎಲ್ಲವನ್ನೂ ಸೇರಿಸಲಿ.

ಶಿಡ್ಲಘಟ್ಟದವರೇ, ಕೋಸಂಬರಿ ಎಲೆಯ ತುದಿಯಲ್ಲಿ ಇದ್ದೇ ಇರುತ್ತದೆ. ಇದು ಅದರ ಜಾಗಕ್ಕೆ ಬರುತ್ತಿಲ್ಲ.


ಮಾತ್ರೆ ಚೀಟಿ, ತುಮಕೂರು

ಹಾಲಿನ ಲೆಕ್ಕದವರ ವಿವರಣೆ ಚೆನ್ನಾಗಿದೆ. ಔಷಧ ಅಂಗಡಿಯಲ್ಲಿ ಕೆಲಸ ಮಾಡುವವನಾಗಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ಚಕ್ಕೋತ ಗ್ರೇಪ್‌ಫ್ರೂಟ್‌ನ ಹತ್ತಿರದ ಸಂಬಂಧಿ. ಕೆಲವು ಮಾತ್ರೆಗಳನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ಇವು ತಡೆಯುತ್ತವೆ, ಆಗ ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರುತ್ತದೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್, ಫೆಲೋಡಿಪಿನ್, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್ ಆ ಪಟ್ಟಿಯಲ್ಲಿವೆ. ಬೆಳಿಗ್ಗೆ ಮಾತ್ರೆ, ರಾತ್ರಿ ಹಣ್ಣು ಎಂದು ಬೇರೆ ಮಾಡಿದರೂ ಸಾಲದು, ಪರಿಣಾಮ ಒಂದು ದಿನವನ್ನೂ ಮೀರಿ ಉಳಿಯಬಹುದು. ಇಪ್ಪತ್ತು ಜನರಲ್ಲಿ ಹಿರಿಯರು ಇದ್ದೇ ಇರುತ್ತಾರೆ. ಅವರವರ ವೈದ್ಯರನ್ನು ಕೇಳಿಯೇ ಬಡಿಸಿ.

ಇನ್ನೊಂದು ಮಾತು: ಹುಣಸೆ ಕೊಳ್ಳುವಾಗ ಹೊಸದು, ಹಳೆಯದು ನೋಡಿ. ನಮ್ಮ ಮಾರುಕಟ್ಟೆಗೆ ಹೊಸ ಹುಣಸೆ ಬರುವುದು ಬೇಸಿಗೆಯ ಹೊತ್ತಿಗೆ. ದೀಪಾವಳಿಗೆ ಸಿಗುವುದು ಕಪ್ಪಾದ ಹಳೆಯ ಹಣ್ಣು. ರುಚಿ ಗಾಢ, ಆದ್ದರಿಂದ ಸ್ವಲ್ಪ ಕಡಿಮೆ ಹಾಕಿ.


ಬೆಟ್ಟದ ಕೆಳಗಿನ ಮನೆ, ಚಿಕ್ಕಬಳ್ಳಾಪುರ

ಎಲ್ಲರಿಗೂ ವಂದನೆಗಳು. ಅಣ್ಣಾ, ನೀವು ಬರೆದದ್ದನ್ನು ಅತ್ತೆಯವರಿಗೆ ಪೂರ್ತಿ ಓದಿ ಹೇಳಿದೆ. ರೆನೆಟ್ ವಿಷಯ ಬಂದಾಗ "ನಾನು ಹೇಳಲಿಲ್ಲವೇ" ಎಂದು ನನ್ನ ಗಂಡನ ಕಡೆ ನೋಡಿದರು. ಪನೀರ್ ತಾವೇ ಒಡೆಯಿಸುತ್ತಾರಂತೆ. ಒಗ್ಗರಣೆ ಕಾಣದ ಹಸಿ ಎಣ್ಣೆ ಎಂದಾಗ ಮಾತ್ರ ಮುಖ ಸಿಂಡರಿಸಿದರು.

ಮೂರು ಪ್ರಶ್ನೆಗಳು ಉಳಿದಿವೆ. ಅವರು ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತಾರೆ, ನಮ್ಮ ದೊಡ್ಡಪ್ಪನವರೂ ಹಾಗೆಯೇ. ಚಕ್ಕೋತದ ಬದಲು ಏನು? ಎರಡನೆಯದು, ನೀಲಿ ದ್ರಾಕ್ಷಿ ಈಗ ತಂದು ರಸ ಬತ್ತಿಸಿಟ್ಟರೆ ಹಬ್ಬದ ತನಕ ಇರುತ್ತದೆಯೇ? ಈ ಮಳೆಗೆ ಆಮೇಲೆ ಒಳ್ಳೆಯ ಗೊಂಚಲು ಸಿಗದೇ ಹೋದೀತು ಎಂಬ ಭಯ. ಮೂರನೆಯದು, ಇದನ್ನು ಬಾಳೆ ಎಲೆಯಲ್ಲಿ ಎಲ್ಲಿ ಬಡಿಸಬೇಕು? ಅತ್ತೆಯವರಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ ಆಗಿದೆ.


ಅಂತರಸನಹಳ್ಳಿ ಸಂತೆ, ತುಮಕೂರು

ಕೋಲಾರದ ಹಿರಿಯರು ನನ್ನನ್ನು ಚೆನ್ನಾಗಿಯೇ ಬೈದಿದ್ದಾರೆ. ಅನಾನಸ್ ಸಂಗತಿ ಗೊತ್ತಿರಲಿಲ್ಲ. ಆದರೆ ನಾವು ಡಬ್ಬಿಯ ಅನಾನಸ್ ಹಾಕುತ್ತೇವೆ, ಕಹಿಯಾಗಿದ್ದನ್ನು ನೋಡಿಲ್ಲ. ಅದಕ್ಕೆ ಏನು ಹೇಳುತ್ತೀರಿ?


ಹಾಲಿನ ಲೆಕ್ಕ, ಕೋಲಾರ

ಸಂತೆಯವರೇ, ಡಬ್ಬಿಗೆ ತುಂಬುವಾಗ ಬಿಸಿ ಮಾಡಿರುತ್ತಾರೆ, ಆ ಬಿಸಿಗೆ ಕಿಣ್ವ ಸಾಯುತ್ತದೆ. ಆದ್ದರಿಂದ ಕಹಿಯಾಗಲಿಲ್ಲ. ಒಪ್ಪಿದೆ. ಮಯೋನೀಸ್ ಮಾತ್ರ ಈಗಲೂ ಒಪ್ಪುವುದಿಲ್ಲ.

ಅಮ್ಮನವರೇ, ಮಾತ್ರೆ ಚೀಟಿಯವರ ಮಾತು ಪಾಲಿಸಿ. ಕೆಲವರ ಎಲೆಗೆ ಒಂದು, ಕೆಲವರ ಎಲೆಗೆ ಇನ್ನೊಂದು ಎಂದು ಹಬ್ಬದ ಗಲಾಟೆಯಲ್ಲಿ ಲೆಕ್ಕ ಇಡಲಾಗದು. ಚಕ್ಕೋತವನ್ನು ಪೂರ್ತಿ ಕೈಬಿಟ್ಟು ಮೂಸಂಬಿ ಹಾಕಿ. ಬೀಜ, ಪೊರೆ ಬಿಡಿಸಿದ ತೊಳೆಗಳನ್ನು ಸೋರುಬುಟ್ಟಿಯಲ್ಲಿ ಅರ್ಧ ಗಂಟೆ ಇಟ್ಟು ರಸ ಇಳಿಸಿ, ಇಲ್ಲದಿದ್ದರೆ ಸಲಾಡ್ ನೀರಾಗುತ್ತದೆ. ಇಳಿದ ರಸವನ್ನು ಅತ್ತೆಯವರಿಗೆ ಕುಡಿಯಲು ಕೊಡಿ, ಒಡೆಯುವ ಹಾಲಿನ ಮುಂದೆ ನಿಂತು ದಣಿದಿರುತ್ತಾರೆ.

ದ್ರಾಕ್ಷಿ ರಸ ಈಗಲೇ ಮಾಡಿಡಿ, ಹುಣಸೆ ಸೇರಿಸದೆ. ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ ಗಾಜಿನ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ, ಆರಿದ ಮೇಲೆ ಫ್ರಿಜ್‌ನಲ್ಲಿಟ್ಟರೆ ಎರಡು ವಾರಕ್ಕೆ ತೊಂದರೆಯಿಲ್ಲ. ಅದಕ್ಕಿಂತ ತಡ ಎಂದರೆ ಫ್ರೀಜರ್‌ನಲ್ಲಿಡಿ, ಬಾಟಲಿಯ ಬದಲು ಡಬ್ಬಿಯಲ್ಲಿ. ತಳದಲ್ಲಿ ಸಕ್ಕರೆಯಂಥ ಹರಳು ಕಂಡರೆ ಹೆದರಬೇಡಿ, ಅದು ದ್ರಾಕ್ಷಿಯ ಹುಳಿಯೇ ಲವಣವಾಗಿ ಇಳಿದದ್ದು. ಸೋಸಿ ಬಳಸಿ. ಮಳೆಗೆ ಬಿರಿದ ಹಣ್ಣು ರಸಕ್ಕೂ ಬೇಡ. ಬಿರುಕಿನಲ್ಲಿ ಬೂಷ್ಟು ಸೇರಿರುತ್ತದೆ.

ಹಸಿ ಎಣ್ಣೆಗೆ ಅತ್ತೆಯವರು ಒಪ್ಪದಿದ್ದರೆ ಎಣ್ಣೆಯನ್ನು ಹೊಗೆಯಾಡುವ ಮೊದಲೇ ಇಳಿಸಿ, ನಾಲ್ಕು ಕಾಳು ಇಂಗು, ಒಂದು ಎಸಳು ಕರಿಬೇವು ಹಾಕಿ, ಪೂರ್ತಿ ತಣ್ಣಗಾದ ಮೇಲೆ ಸೋಸಿ ಕಡೆಯಿರಿ. ಒಗ್ಗರಣೆಯೂ ಆಯಿತು, ಅವರ ಮಾತೂ ನಡೆಯಿತು. ನನಗಂತೂ ಆ ಇಂಗಿನ ವಾಸನೆ ದ್ರಾಕ್ಷಿಯ ಜೊತೆ ಬಹಳ ಹಿಡಿಸಿತು.

ಬಡಿಸುವುದು ಎಲೆಯ ಮೇಲೆ ಬೇಡ, ದೊನ್ನೆಯಲ್ಲಿ. ರಸ ಹರಿದು ಪಾಯಸಕ್ಕೆ ಸೇರಿದರೆ ಹಾಲು ಒಡೆದಂತೆ ಕಾಣುತ್ತದೆ, ಆಮೇಲೆ ಅಡುಗೆಯವರ ಮೇಲೆ ಮಾತು ಬರುತ್ತದೆ. ಮುತ್ತುಗದ ದೊನ್ನೆಯನ್ನು ಎಡತುದಿಯಲ್ಲಿ, ಕೋಸಂಬರಿಯ ಪಕ್ಕ ಇಡಿ. ಮೊದಲ ಸುತ್ತಿನಲ್ಲಿ ಬಡಿಸಬೇಡಿ, ಕಜ್ಜಾಯ ಬಂದ ಮೇಲೆ ಬರಲಿ. ಎಣ್ಣೆಯಲ್ಲಿ ಕರಿದ ಬೆಲ್ಲದ ಸಿಹಿ ಬಾಯಲ್ಲಿರುವಾಗಲೇ ಈ ಉಪ್ಪು ಹುಳಿ ಬೇಕಾಗುವುದು.

ನಾಲ್ಕು ಲೀಟರ್ ಹಾಲಿನಿಂದ ಮೂರು ಲೀಟರಿಗೂ ಮೀರಿ ಒಡಕು ನೀರು ಬರುತ್ತದೆ, ಉಪ್ಪು ಹಾಕಿದ್ದು ಒಂದು ಲೀಟರ್ ಮಾತ್ರ. ಉಳಿದದ್ದರಲ್ಲಿ ಚಪಾತಿ ಹಿಟ್ಟು ಕಲಸಿ, ಬೇಳೆ ಸಾರಿಗೂ ಹಾಕಬಹುದು. ಉಪ್ಪಿನ ನೀರನ್ನು ಮಾತ್ರ ತುಳಸಿ ಕಟ್ಟೆಗೂ ಹೂಗಿಡಕ್ಕೂ ಸುರಿಯಬೇಡಿ, ಬಚ್ಚಲಿಗೆ ಹೋಗಲಿ.